ಕಲಾಯಿ ಬಿಟ್ಟು ಕುಲ್ಫಿಗೆ

ನಾನಾಗ ಮೂರನೇ ಇಯತ್ತೆಯ ಹುಡುಗಿ. ಮೊಣಕಾಲ ತುಂಬ ಗಾಯ, ಬಾಯಿ ತುಂಬ ಮಾತು. ಜತ್ತದ ಹತ್ತಿರದ ಶೇಗಾಂವದಲ್ಲಿ ನಮ್ಮ ಮನೆ. ಅಬ್ಬಾ, ಅಂದರೆ ನನ್ನ ಅಪ್ಪ, ಕಲಾಯಿ ಮಾಡುತ್ತಿದ್ದರು. ಕಲಾಯಿ ಅಂದರೆ ನಿಮಗೆಲ್ಲಿ ಗೊತ್ತು, ಮಕ್ಕಳೇ! ತಾಮ್ರದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರವೆಂಬ ಬಿಳಿ ಪುಡಿ ಉದುರಿಸಿ, ತವರ ಸವರಿ ಅರಳೆಯಿಂದ ಉಜ್ಜಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಆ ಹೊಗೆಯಲ್ಲಿ ಅಬ್ಬಾ ಕಾಣುತ್ತಿರಲಿಲ್ಲ, ಅವರ ಕೆಮ್ಮು ಮಾತ್ರ ಕೇಳಿಸುತ್ತಿತ್ತು.

ಆ ಕೆಮ್ಮು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಮನೆಮನೆಗೂ ಸ್ಟೀಲ್ ಬಂದು ಕೆಲಸವೂ ಕಡಿಮೆಯಾಯಿತು. "ಈ ಹೊಗಿ ಬಿಡ್ರಿ, ನಿಮ್ಮ ಕಾಲ ಬೀಳ್ತೀನಿ," ಎಂದು ಅಮ್ಮ ಅತ್ತ ಮೇಲೆ ಅಬ್ಬಾ ಒಂದು ದಿನ, "ನಾ ಕುಲ್ಫಿ ಮಾರಾವ ಆಗ್ತೀನಿ," ಅಂದರು. ಕಲಾಯಿಗೆಂದು ಊರೂರು ಸುತ್ತುತ್ತಿದ್ದ ಅದೇ ಸೈಕಲ್, ಅದೇ ಅಸಂಗಿ, ಅದೇ ಕರಜಗಿ. ಬೆಂಕಿಗೆ ಗಾಳಿ ಊದುವ ತಿದಿಯ ಜಾಗದಲ್ಲಿ ಕುಲ್ಫಿಯ ಡಬ್ಬಿ. ಮಿರಜಿಗೆ ಹೋಗಿ ಕುಲ್ಫಿಯವನೊಬ್ಬನ ಎದುರು ಎರಡು ದಿನ ಕೂತು ನೋಡಿ ಬಂದಿದ್ದರು.

"ಇವತ್ತ ಕುಲ್ಫಿ ಗಟ್ಟಿಯಾದ್ರ ತಿದಿ ಮೂಲಿಗೆ. ಇಲ್ಲಂದ್ರ ಮತ್ತ ಹೊಗೀನ," ಅಂದರು ಅಬ್ಬಾ.

ಬೇಸಿಗೆಯ ಮಧ್ಯಾಹ್ನ ಅದು. ಬೆಳಗಿನಿಂದ ಕುದಿದ ಹಾಲು ಕೆನೆಗಟ್ಟಿ ಕೆಂಪಗಾಗಿತ್ತು. ಜತ್ತದಿಂದ ಬಸ್ಸಿನಲ್ಲಿ ಬಂದ ಐಸು ಗೋಣಿಚೀಲದೊಳಗಿಂದ ತೊಟ್ಟಿಕ್ಕುತ್ತಿತ್ತು. ಬೇವಿನ ನೆರಳು, ಬಿಸಿಲಝಳದಲ್ಲಿ ತೇಲುವ ಗುಡ್ಡ, ಎಲ್ಲೋ ಕುರಿಗಳ ಗಂಟೆ. ಏಲಕ್ಕಿಯ ಘಮಕ್ಕೆ ನನ್ನ ಕಣ್ಣು ತಾವಾಗಿಯೇ ಮುಚ್ಚಿ ಬರುತ್ತಿದ್ದವು. ನಗಬೇಡಿ ಮತ್ತೆ, ಅರೆನಿದ್ದೆಯಲ್ಲಿ ನಾನಾಗಲೇ ಮೂರು ಕುಲ್ಫಿ ತಿಂದು ಮುಗಿಸಿದ್ದೆ!

ಅಬ್ಬಾ ಹಾಲನ್ನು ಡಬ್ಬಿಗೆ ಸುರಿದು, ಮುಚ್ಚಳದ ಸುತ್ತ ಕಣಕ ಮೆತ್ತಿ, ಐಸಿನ ಬಕೆಟ್ಟಿನಲ್ಲಿ ಇಟ್ಟರು. ಇನ್ನು ಐಸಿಗೆ ಉಪ್ಪು ಹಾಕಬೇಕು. ಅಮ್ಮ ತರಲು ಎದ್ದಳು. ಅಷ್ಟರಲ್ಲಿ ಅಬ್ಬಾನ ಕೈ ತನ್ನ ಪಾಡಿಗೆ ತಾನು ಕಲಾಯಿ ಚೀಲಕ್ಕೆ ಹೋಗಿ, ಹಿಡಿಹಿಡಿ ನವಸಾಗರ ತೆಗೆದು ಸುರಿಯಿತು.

"ಅಯ್ಯಯ್ಯ! ಏನ ಹಾಕಿದ್ರಿ?" ಅಮ್ಮ ಚೀರಿದಳು.

ಅಬ್ಬಾ ತಮ್ಮ ಕೈಯನ್ನೇ ನೋಡಿಕೊಂಡು ಕುಸಿದು ಕುಳಿತರು. "ಕಲಾಯಿ ಬಿಟ್ರ ಈ ಕೈಗೆ ಬ್ಯಾರೆ ಏನೂ ಬರೂದಿಲ್ಲ ಬಿಡು." ಅವರ ಕಣ್ಣು ತುಂಬಿದ್ದವು. ನನಗೆ ಭಾಳ ಸಂಕಟವಾಯಿತು.

"ಹಾಕಿದ್ದು ಹೊರಗ ಹಾಕೀರಿ. ಡಬ್ಬಿ ಬಾಯಿ ಬಂದ್ ಆಗೇತಿ. ಸುಮ್ನ ತಿರುವ್ರಿ," ಅಂದಳು ಅಮ್ಮ.

ತಿರುವಿದರು, ತಿರುವಿದರು. ನವಸಾಗರವೂ ಒಂದು ಬಗೆಯ ಉಪ್ಪೇ, ಐಸನ್ನು ಅದೂ ಕೊರೆಯುವಷ್ಟು ತಣ್ಣಗಾಗಿಸುತ್ತದೆ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ಹೊರಮೈ ಬೆಳ್ಳಗಾಯಿತು. ಮುಟ್ಟಿದರೆ ಬೆರಳು ಜುಂ ಅಂದಿತು. ಆ ಉರಿಬಿಸಿಲಲ್ಲಿ ತಣ್ಣನೆಯ ಹಬೆ ನನ್ನ ಕೆನ್ನೆ ಸವರಿಕೊಂಡು ಹೋಯಿತು. ಕೊನೆಗೆ ಅಬ್ಬಾ ಡಬ್ಬಿಯನ್ನು ಮೂರು ನೀರಲ್ಲಿ ತೊಳೆದು, ಒರೆಸಿ, ಕಣಕ ಬಿಡಿಸಿ ತೆರೆದರು. ಚಮಚ ಒಳಗಿಳಿಯಲಿಲ್ಲ! ಮೊದಲು ತಾವೇ ಒಂಚೂರು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮುಖದ ಮೇಲೆ ನಿಧಾನವಾಗಿ ನಗು ಮೂಡಿತು.

ಅಷ್ಟರಲ್ಲಿ ಓಣಿಯ ಅಜ್ಜಿಯೊಬ್ಬಳು ಕಲಾಯಿಗೆಂದು ತಾಮ್ರದ ಹಂಡೆ ಹೊತ್ತು ಬಂದಳು. ಅಬ್ಬಾ ಅವಳ ಕೈಗೊಂದು ತುಂಡು ಕುಲ್ಫಿ ಕೊಟ್ಟರು. "ಯಪ್ಪಾ! ಬೆಂಕಿ ಹಿಡಿಯೂ ಕೈಯಾಗ ಇಷ್ಟ ತಂಪ ಎಲ್ಲಿತ್ತೋ ತಮ್ಮಾ!" ಅಂದಳು ಅಜ್ಜಿ. ಅಬ್ಬಾ ನಗುತ್ತ ಕೆಮ್ಮಿದರು, ಕೆಮ್ಮುತ್ತ ನಕ್ಕರು. ಅವಳ ಹಂಡೆಯೇ ಅವರು ಮಾಡಿದ ಕೊನೆಯ ಕಲಾಯಿ.

ಈಗ ನಿಮಗೆ ಫ್ರಿಜ್ಜಿನ ಬಾಗಿಲು ತೆರೆದರೆ ಐಸು. ಮನೆಗೆ ಬಂದವರೆಲ್ಲ ನಿಮ್ಮ ಗಲ್ಲ ಹಿಂಡಿ, ದೊಡ್ಡವರಾದ ಮೇಲೆ ಏನಾಗುತ್ತೀರಿ ಅಂತ ಕೇಳುತ್ತಾರೆ. ನೀವೋ, ಸೋಮವಾರ ಪೈಲಟ್, ಮಂಗಳವಾರ ಡಾಕ್ಟರ್! ಅಬ್ಬಾನನ್ನು ಚಿಕ್ಕಂದಿನಲ್ಲಿ ಯಾರೂ ಹಾಗೆ ಕೇಳಲಿಲ್ಲ. ನೆಟ್ಟಗೆ ನಿಲ್ಲಲು ಬಂದಾಗಲೇ ಮನೆಯವರು ಕೈಗೆ ತಿದಿ ಕೊಟ್ಟಿದ್ದರು. ತಾವು ಏನಾಗಬೇಕೆಂದು ನನ್ನ ಅಬ್ಬಾ ಮೊದಲ ಸಲ ತಾವೇ ಹೇಳಿದ್ದು ಆ ಬೇಸಿಗೆಯಲ್ಲಿ, ಗಡ್ಡ ಬೆಳ್ಳಗಾಗತೊಡಗಿದ ಮೇಲೆ.