ದೊರೆಸಾನಿಯ ನಾಯಿ ಕೊಡಿಸಿದ ಕೆಲಸ

ಮದರಾಸಿನಲ್ಲಿ ದನದ ವೈದ್ಯಕೀಯ ಓದಿ ಪಾಸಾಗಿ ನಾನು ಸೇಲಂ ಜಿಲ್ಲೆಯ ಮೇಚೇರಿ ಹತ್ತಿರದ ನಮ್ಮೂರಿಗೆ ಬಂದಾಗ, ನಮ್ಮಪ್ಪ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಮಗ ಡಾಕ್ಟ್ರಾಗವ್ನೆ ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದ. ಯಾವ ಡಾಕ್ಟ್ರು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಾಗಾಗಿ ಮೊದಲ ವಾರವೇ ನಮ್ಮ ಜಗಲಿ ತುಂಬ ಜನ. ಹೊಟ್ಟೆನೋವಿನವರು, ಹಲ್ಲುನೋವಿನವರು, ಮಕ್ಕಳಾಗದ ಸೊಸೆಯನ್ನು ಕರೆತಂದ ಅತ್ತೆಯರು. ನಾನು ಮದ್ದು ಕೊಡುವುದು ಕುರಿ, ದನಕ್ಕೆ ಮಾತ್ರ ಎಂದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಒಬ್ಬ ಮುದುಕಿಯಂತೂ ಒಳಗೆ ಹೋಗಿ ನಮ್ಮವ್ವನ ಕೈ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಮಾಡುವಂತೆ ಸಮಾಧಾನ ಹೇಳಿ ಎದ್ದಳು. ಊರ ತುಂಬ ಕುರಿಮಂದೆಗಳಿದ್ದವು. ಆದರೆ ಕುರಿ ಹಿಡಿದುಕೊಂಡು ಒಬ್ಬನೂ ಬರಲಿಲ್ಲ. ಕುರಿಗೆ ಡಾಕ್ಟ್ರು ಎಂಬ ಮಾತೇ ಅವರಿಗೆ ನಗೆಯಾಗಿತ್ತು.

ನಾನು ನೆಚ್ಚಿಕೊಂಡಿದ್ದು ಸರ್ಕಾರಿ ಕೆಲಸವನ್ನು. ಅದೋ, ಸರ್ಕಾರ ಕೆಲಸದಲ್ಲಿದ್ದವರ ಸಂಬಳವನ್ನೇ ಕತ್ತರಿಸುತ್ತಿದ್ದ ಕಾಲ. ಆದರೂ ಸೇಲಂನಲ್ಲಿ ಒಂದು ಜಾಗ ಖಾಲಿ ಇದೆ ಎಂದು ಕೇಳಿ, ಕೋಟು ತೊಟ್ಟು ಹೋದೆ. ಅಲ್ಲಿದ್ದ ದೊಡ್ಡ ಪೇಟದ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದನದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಮಾತು ಯಾವುದು ಎಂದು ಕೇಳಿದರು. ಕನ್ನಡ ಎಂದೆ. ಹಾಗಾದರೆ ಮೈಸೂರಿನ ಕಡೆ ಹೋಗಬೇಕಾದವನು ದಾರಿ ತಪ್ಪಿ ಇಲ್ಲಿಗೆ ಬಂದಿದ್ದೀಯ ಎಂದು ತಮಿಳಿನಲ್ಲಿ ಬಹಳ ಪ್ರೀತಿಯಿಂದ ಹೇಳಿದರು. ನಮ್ಮ ಜಿಲ್ಲೆಯ ಎಮ್ಮೆಗಳು ಯಾವ ಭಾಷೆಯಲ್ಲಿ ಕೆಮ್ಮುತ್ತವೆ ಎಂದು ನಾನು ಕೇಳಬಹುದಿತ್ತು. ಕೆಲಸ ಬೇಕಾದವನಿಗೆ ಇಂಥ ಮಾತು ಹೊಳೆಯುವುದು ಮೆಟ್ಟಿಲು ಇಳಿದ ಮೇಲೆ. ಆ ಜಾಗಕ್ಕೆ ಸಾಹೇಬರ ಷಡ್ಡಕನ ಮಗ ಬಂದ.

ಸರಿ, ಅವರು ತೋರಿಸಿದ ದಾರಿಯನ್ನೇ ಹಿಡಿಯೋಣ ಎಂದು ರೈಲು ಹತ್ತಿ ಬೆಂಗಳೂರಿಗೆ ಹೋದೆ. ಮೈಸೂರು ಸಂಸ್ಥಾನದ ಒಂದು ಕಚೇರಿಯಲ್ಲಿ ಜರಿ ಅಂಚಿನ ಪಂಚೆಯ ಗುಮಾಸ್ತರೊಬ್ಬರು ಮೃದುವಾಗಿ, "ತಾವು ತಮಿಳರೇನು?" ಎಂದರು. ನನಗೆ ರೋಷ ಬಂತು. "ಇಲ್ಲ ಸಾರ್, ನಮ್ಮನೇಲಿ ಎಲ್ಲಾರೂ ಕನ್ನಡಾನೇ ಪೇಸೋದು" ಎಂದೆ. ಮಾತಾಡೋದು ಎನ್ನಬೇಕಾದ ಕಡೆ ಬಾಯಿಗೆ ತಮಿಳೇ ಬಂದುಬಿಟ್ಟಿತ್ತು. ಗುಮಾಸ್ತರು ಕನ್ನಡಕ ತೆಗೆದರು. ಪಕ್ಕದ ಮೇಜಿನವರನ್ನು ಕರೆದು, ಇನ್ನೊಂದು ಸಲ ಹೇಳಿ ಎಂದು ನನ್ನನ್ನು ಕೇಳಿಕೊಂಡರು. ನಾನು ಹೇಳಲಿಲ್ಲ. ಅವರೇ ನನ್ನ ಧಾಟಿಯಲ್ಲಿ ಹೇಳಿ ತೋರಿಸಿದರು, ಅದೂ ನನಗಿಂತ ಚೆನ್ನಾಗಿ. ಎಲ್ಲರೂ ನಕ್ಕು ಮುಗಿದ ಮೇಲೆ, ಸಂಸ್ಥಾನದ ಪ್ರಜೆಯಲ್ಲದವರಿಗೆ ಇಲ್ಲಿ ಕೆಲಸವಿಲ್ಲ, ತಮ್ಮ ಸೇಲಂ ಜಿಲ್ಲೆಯಲ್ಲೇ ಪ್ರಯತ್ನಿಸಬಹುದು ಎಂದರು. ತಮಿಳರು ಕನ್ನಡದವನೆಂದು ಅಟ್ಟಿದರು, ಕನ್ನಡದವರು ತಮಿಳನೆಂದು ಅಟ್ಟಿದರು. ನಡುವೆ ರೈಲಿನವರೊಬ್ಬರೇ ನನ್ನನ್ನು ಯಾವ ಭೇದವೂ ಇಲ್ಲದೆ ಎರಡೂ ಕಡೆಗೆ ಒಯ್ದವರು.

ಊರಿಗೆ ಬಂದು ಸುಮ್ಮನೆ ಕೂತೆ. ಅಪ್ಪ ಸಂತೆಗೆ ಹೋಗುವುದನ್ನೇ ಕಡಿಮೆ ಮಾಡಿದ. ಕೊನೆಗೆ ನನ್ನ ಸೋದರಮಾವ ಬಂದ. ಅವನು ಮೆಟ್ಟೂರಿನಲ್ಲಿ ಅಣೆಕಟ್ಟು ಕಟ್ಟುವ ಕಡೆ ಕೂಲಿಯಾಳುಗಳ ಮೇಸ್ತ್ರಿ. ಅಲ್ಲಿ ಗಾಡಿ ಎತ್ತುಗಳು ಬೇಕಾದಷ್ಟಿವೆ ಎಂದು ನನ್ನನ್ನು ಕರೆದುಕೊಂಡು ಹೋಗಿ ಒಬ್ಬ ಕಂಟ್ರಾಕ್ಟರನ ಮುಂದೆ ನಿಲ್ಲಿಸಿದ. ಕಂಟ್ರಾಕ್ಟರ್ ಎಲೆಯಡಿಕೆ ಉಗುಳಿ ಬಂದು ಯೋಚಿಸಿ ಹೇಳಿದ: "ಎತ್ತು ಮಲಗಿದ್ರೆ ಮೇಚೇರಿ ಸಂತೇಲಿ ಮಾರ್ಕೋತೀನಪ್ಪ. ನಿನ್ನ ಇಟ್ಕೊಂಡ್ರೆ ನಿನ್ನ ಯಾರಿಗ್ ಮಾರ್ಲಿ?"

ಮಾವನಿಗೆ ನಾಚಿಕೆಯಾಯಿತು. ಅವನು ಬಿಡದೆ, ಎಂಜಿನಿಯರ್ ದೊರೆಯ ಬಂಗಲೆಯ ಬಟ್ಲರನ ಕಿವಿಗೆ ನನ್ನ ವಿಷಯ ಹಾಕಿದ. ಅಲ್ಲಿ ದೊರೆಸಾನಿಯ ನಾಯಿಗೆ ಕಾಯಿಲೆ. ಸೀಮೆಯಿಂದ ಹಡಗಿನಲ್ಲಿ ಬಂದ ಬಿಳಿಯ ಹೆಣ್ಣುನಾಯಿ. ಹೊಟ್ಟೆ ಉಬ್ಬಿಕೊಂಡಿತ್ತು. ಕೂಲಿಗಳ ಆಸ್ಪತ್ರೆಯ ಡಾಕ್ಟ್ರು ನೋಡಿ, ಹೊಟ್ಟೆಯಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು ಎಂದಿದ್ದರಂತೆ. ನನ್ನನ್ನು ಕರೆಸಿದರು. ಕಾಲೇಜು ಬಿಟ್ಟ ಮೇಲೆ ನಾನು ಮುಟ್ಟಿದ ಮೊದಲ ರೋಗಿ ಅದು. ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೆ ಒಳಗಿನಿಂದ ಒದೆತ ಸಿಕ್ಕಿತು. ಸೂಜಿ ಹಾಕಬೇಡಿ, ಇದು ಬಸುರಿ, ಇನ್ನೇನು ಮರಿ ಹಾಕುತ್ತದೆ ಎಂದೆ.

ನನ್ನ ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ. ಆದರೆ ದೊರೆಸಾನಿಯ ಮುಖ ಕೆಂಪಾಯಿತು. ಈ ನಾಯಿ ಒಂಟಿಯಾಗಿ ಕಾಂಪೌಂಡು ದಾಟಿಲ್ಲ, ಇದರ ವಂಶ ಎಂಥದೆಂದು ನಿನಗೆ ಗೊತ್ತೇ ಎಂದರು. ನಾನು ನಾಯಿಯ ಹೊಟ್ಟೆಯ ಮಾತು ಹೇಳಿದ್ದೆ, ಅವರು ಮನೆತನದ ಮಾನವೆಂದು ಕೇಳಿಸಿಕೊಂಡಿದ್ದರು. ಬಟ್ಲರ್ ನನ್ನನ್ನು ಗೇಟಿನ ತನಕ ಬಿಟ್ಟು ಬಂದ. ಮಾವ ದಾರಿಯುದ್ದಕ್ಕೂ ಬೈದ. "ನೀರೈತೆ ಅಂದ್ರೆ ನಿನ್ ಗಂಟೇನ್ಲಾ ಓಗ್ತಿತ್ತು?"

ಸೂಜಿ ಹಾಕುವ ಧೈರ್ಯ ಮಾತ್ರ ಆಮೇಲೆ ಯಾರಿಗೂ ಬರಲಿಲ್ಲ. ಅದೇ ವಾರ ನಾಯಿ ಮರಿ ಹಾಕಿತು. ಒಂದೂ ಬಿಳಿಯದಿಲ್ಲ. ಎಲ್ಲವೂ ಕಂದು ಬಣ್ಣ, ಸುರುಳಿ ಬಾಲ, ಕೂಲಿ ಲೈನಿನಲ್ಲಿ ಕಲ್ಲಿಗೊಂದರಂತೆ ಮಲಗಿರುವ ನಾಯಿಗಳ ಪಡಿಯಚ್ಚು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ದೊರೆಸಾನಿ ನಗಲಿಲ್ಲ. ಇಬ್ಬರ ನಡುವೆ ಅದೇನು ಮಾತಾಯಿತೋ, ದೊರೆ ನನ್ನನ್ನು ಮತ್ತೆ ಕರೆಸಿ, ಕ್ಯಾಂಪಿನಲ್ಲಿ ನಿನಗೊಂದು ಕೆಲಸವಿದೆ ಎಂದರು. ಬೀದಿನಾಯಿಗಳಿಗೆ ವಿಷ ಹಾಕಿ ಕೊಲ್ಲುವ ಕೆಲಸ. ಪ್ರಾಣಿಗಳ ವಿಷಯ ಬಲ್ಲವನು ಬೇಕು, ನೀನು ಓದಿದವನು, ಶುಚಿಯಾಗಿ ಮಾಡುತ್ತೀಯ ಎಂದು ಹೊಗಳಿದರು.

ನಾನು ಬೇಡವೆನ್ನಬಹುದಿತ್ತು ಎಂದು ಈಗಿನವರು ಹೇಳುತ್ತಾರೆ. ಈಗಿನವರಿಗೆ ನಮ್ಮಪ್ಪ ಗೊತ್ತಿಲ್ಲ. ದೊರೆಯ ಕೈಕೆಳಗೆ ಕೆಲಸ ಎಂದು ಕೇಳಿದ್ದೇ ತಡ, ಅವನು ಮೀಸೆ ತಿರುವಿ ಸಂತೆಗೆ ಹೊರಟ. ಅವ್ವ ಮಾರಿಗುಡಿಯಲ್ಲಿ ಪೊಂಗಲಿಟ್ಟಳು. ಜೀವ ಉಳಿಸಲು ವರ್ಷಗಟ್ಟಲೆ ಓದಿ ಜೀವ ತೆಗೆಯಲು ಹೊರಟವನಿಗೆ ತಾಯಿಯೇ ಹಣೆಗೆ ವಿಭೂತಿ ಇಟ್ಟು ಕಳಿಸಿದಳು.

ಮಾಂಸದಲ್ಲಿ ವಿಷ ಸೇರಿಸಿದ ಉಂಡೆಗಳ ಡಬ್ಬಿ ಹಿಡಿದು ಕೂಲಿ ಲೈನಿಗೆ ಹೋದೆ. ತಗಡಿನ ಸಾಲುಮನೆಗಳು. ಮೊದಲ ಬಾಗಿಲಲ್ಲೇ ಕಲ್ಲು ಹೊರುವ ಹೆಂಗಸೊಬ್ಬಳು ರಾಗಿ ಕೂಳು ತಿನ್ನುತ್ತ ಕೂತಿದ್ದಳು. ಅವಳ ತಟ್ಟೆಯ ಪಕ್ಕದಲ್ಲೇ ಕಂದು ನಾಯಿಯೊಂದು ಮಲಗಿತ್ತು. ಬಾಲ ನೋಡಿದರೆ ಬಂಗಲೆಯ ಮರಿಗಳ ಅಪ್ಪನೇ ಇರಬೇಕು. ನಾನು ಬಂದದ್ದು ಯಾಕೆಂದು ಅವಳಿಗೆ ಆಗಲೇ ಗೊತ್ತಿತ್ತು. ಅಲ್ಲಿ ಇಂಥ ಸುದ್ದಿ ನನಗಿಂತ ಮುಂಚೆ ನಡೆದಿರುತ್ತಿತ್ತು.

"ಅದೇನ್ ತಪ್ಪು ಮಾಡ್ತು ಸಾಮಿ?" ಎಂದಳು, ನಮ್ಮೂರ ಕನ್ನಡದಲ್ಲೇ.

 ಇದು ಬೀದಿನಾಯಿಯೋ ಸಾಕಿದ್ದೋ ಎಂದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಕತ್ತಿನಲ್ಲಿ ಹಗ್ಗವಿದ್ದರೆ ಸಾಕಿದ್ದು, ಅದನ್ನು ಮುಟ್ಟುವ ಹಾಗಿಲ್ಲ ಎಂದೆ. ಅಂಥ ನಿಯಮವನ್ನು ಯಾವ ದೊರೆಯೂ ಮಾಡಿರಲಿಲ್ಲ. ಆ ಗಳಿಗೆಯಲ್ಲಿ ನಾನೇ ಮಾಡಿದೆ. ಡಬ್ಬಿಯನ್ನು ಹಾಗೇ ತಂದು ಹೂತುಹಾಕಿದೆ.

ಮರುದಿನ ಹೋದರೆ ಲೈನಿನ ಎಲ್ಲ ನಾಯಿಗಳ ಕತ್ತಿನಲ್ಲೂ ಹಗ್ಗ. ಸೀರೆ ಅಂಚು ಕಟ್ಟಿಕೊಂಡವು, ಬಾಳೆನಾರು ಸುತ್ತಿಕೊಂಡವು, ಒಂದಕ್ಕಂತೂ ಹಳೆಯ ಉಡಿದಾರ. ಗಂಡುಮಕ್ಕಳೆಲ್ಲ ತಮ್ಮ ನಾಯಿಯನ್ನು ತೋರಿಸಿ ನಗುತ್ತಿದ್ದರು. ನಾನು ಬಂಗಲೆಗೆ ಹೋಗಿ, ಕ್ಯಾಂಪಿನಲ್ಲಿ ಬೀದಿನಾಯಿ ಒಂದೂ ಉಳಿದಿಲ್ಲ ಎಂದು ವರದಿ ಒಪ್ಪಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊರೆ ಇಷ್ಟು ಬೇಗವೇ ಎಂದು ಆಶ್ಚರ್ಯಪಟ್ಟು, ಬೆನ್ನು ತಟ್ಟಿ, ಹಾಗಾದರೆ ನಿನ್ನ ಕೆಲಸ ಮುಗಿಯಿತು, ಮನೆಗೆ ಹೋಗಬಹುದು ಎಂದರು.

ಹೀಗೆ ನನ್ನ ಜಾಣತನದಿಂದಲೇ ನಾನು ಕೆಲಸ ಕಳೆದುಕೊಂಡೆ. ಮಾವ ನನ್ನ ಜೊತೆ ಮಾತು ಬಿಟ್ಟ. ಅಪ್ಪ ಮಾತ್ರ ಊರಲ್ಲಿ, ಮಗ ಲೀವಿನ ಮೇಲೆ ಬಂದವ್ನೆ ಎಂದು ಹೇಳಿಕೊಂಡು ತಿರುಗಿದ. ಆ ಲೀವು ಬೇಸಿಗೆ ಕಳೆದು ಮಳೆಗಾಲಕ್ಕೂ ನಡೆಯಿತು.

ಆಮೇಲೆ ನಡೆದದ್ದು ನನ್ನ ಕೈಯಲ್ಲಿರಲಿಲ್ಲ. ಧರ್ಮಪುರಿ ಕಡೆ ದನಗಳಿಗೆ ಕೊಟ್ಟಿಗೆ ಕೊಟ್ಟಿಗೆಯನ್ನೇ ಖಾಲಿ ಮಾಡುವ ದೊಡ್ಡರೋಗ ಬಿತ್ತು. ಸರ್ಕಾರಕ್ಕೆ ಆತುರದಲ್ಲಿ ಜನ ಬೇಕಾಯಿತು. ಮದರಾಸಿನಿಂದ ದೊಡ್ಡ ಅಧಿಕಾರಿಯೊಬ್ಬರು ಅಣೆಕಟ್ಟು ನೋಡಲು ಬಂದವರು ದೊರೆಯ ಬಂಗಲೆಯಲ್ಲಿ ಊಟ ಮಾಡುತ್ತ ಈ ಮಾತೆತ್ತಿದ್ದಾರೆ. ಒಂದೇ ದಿನದಲ್ಲಿ ಕ್ಯಾಂಪಿನ ನಾಯಿಗಳನ್ನೆಲ್ಲ ಮುಗಿಸಿದ ಹುಡುಗನೊಬ್ಬನಿದ್ದಾನೆ ಎಂದು ದೊರೆ ನನ್ನ ಹೆಸರು ಹೇಳಿದ್ದಾರೆ. ನನ್ನ ಓದಿಗೆ ಸಿಗದ ಕೆಲಸ ನಾನು ಮಾಡದ ಕೊಲೆಗಳಿಗೆ ಸಿಕ್ಕಿತು. ಸೇಲಂನ ಪೇಟದ ಸಾಹೇಬರೇ ಎದ್ದು ನಿಂತು ಕೈ ಕುಲುಕಿ, ಅನುಭವಸ್ಥರು ಬೇಕಾಗಿತ್ತು ನಮಗೆ ಎಂದರು.

ನನ್ನನ್ನು ಧರ್ಮಪುರಿ ಹತ್ತಿರದ ಪಾಲಕೋಡಿಗೆ ಹಾಕಿದರು. ಆಸ್ಪತ್ರೆ ಎಂದರೆ ಒಂದು ಚಪ್ಪರ, ಒಂದು ಮುರುಕು ಮೇಜು. ಮೊದಲ ದಿನ ಒಬ್ಬ ಅಗಸ ಹೊಟ್ಟೆಶೂಲೆಯ ಕತ್ತೆಯನ್ನು ಎಳೆದುಕೊಂಡು ಬಂದ. ಅದು ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಮದ್ದು ಕುಡಿಸಿ, ಹೊಟ್ಟೆ ತಿಕ್ಕಿ, ಸಂಜೆಯ ತನಕ ಅದರ ಪಕ್ಕದಲ್ಲೇ ಕೂತೆ. ಕತ್ತೆ ಎದ್ದು ನಿಂತಿತು. ನಾಳೆ ಮೂಟೆ ಹೊರುತ್ತದೆಯೇ ಎಂದು ಅವನು ಕೇಳಿದ. ಇನ್ನೂ ನಾಲ್ಕು ದಿನ ಹೊರಿಸಬಾರದು ಎಂದೆ. "ನಾಲ್ಕು ದಿನ ಇದು ಕೂತ್ಕೊಂಡ್ ತಿಂದ್ರೆ ನಾನೇನ್ ಮಾಡ್ಲಿ? ನೀನೂ ಒಬ್ಬ ಡಾಕ್ಟ್ರಾ?" ಎಂದು ರಸ್ತೆಗೆ ಕೇಳುವ ಹಾಗೆ ಬೈಯುತ್ತ ಕತ್ತೆ ಹೊಡೆದುಕೊಂಡು ಹೋದ.

ಅಷ್ಟು ದಿನ ಭಾಷೆಗಾಗಿ, ನಿಜ ಹೇಳಿದ್ದಕ್ಕಾಗಿ, ಸುಮ್ಮನೆ ಕೂತದ್ದಕ್ಕಾಗಿ ಬೈಸಿಕೊಂಡಿದ್ದೆ. ಕಲಿತ ಕೆಲಸವನ್ನು ಮಾಡಿ ಬೈಸಿಕೊಂಡದ್ದು ಅದೇ ಮೊದಲು. ಕೈ ತೊಳೆದುಕೊಂಡು ಚಪ್ಪರದ ಕಂಬಕ್ಕೆ ಒರಗಿ ಕೂತೆ. ಮನಸ್ಸಿಗೆ ಬಹಳ ಹಿತವಾಗಿತ್ತು.