ಕಣ್ಣೂರಿನಿಂದ ಮಂಗಳೂರಿಗೆ ಅರ್ಧ ಗಂಟೆಯೂ ಇಲ್ಲ

ಮೊನ್ನೆ ಪುತ್ತೂರಿನ ಬಸ್ಸಿನಲ್ಲಿ ಪಕ್ಕದವರು ತಲೆನೋವಿನ ಎಣ್ಣೆಯ ಶೀಶೆ ತೆರೆದು ಹಣೆಗೆ ಹಚ್ಚಿಕೊಂಡರು. ಗಲ್ಫಿನಿಂದ ಬರುವವರೆಲ್ಲ ತರುವ ಹಸಿರು ಎಣ್ಣೆ. ಆ ಘಾಟು ಮೂಗಿಗೆ ಬಡಿದದ್ದೇ ಎದ್ದು ನಿಂತೆ. ಪುತ್ತೂರು ಬರುವ ಮೊದಲೇ, ಕಬಕದಲ್ಲಿ ಇಳಿದುಬಿಟ್ಟೆ...

ನಮ್ಮೂರು ಕೊಯಿಲದಲ್ಲಿ ನೆರೆಮನೆಯ ಕಾಕನ ಕಿಸೆಯಲ್ಲೂ ಅದೇ ಶೀಶೆ ಇರುತ್ತಿತ್ತು. ಬ್ಯಾರಿ ಮುಸ್ಲಿಂ ಹಿರಿಯರನ್ನು ನಮ್ಮಲ್ಲಿ ಕಾಕ ಎಂದೇ ಕರೆಯುವುದು. ಅವರು ದುಬೈಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ನಾನು ಅದೇ ಊರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಆ ಮಳೆಗಾಲ ಇಬ್ಬರೂ ಒಟ್ಟಿಗೆ ರಜೆಗೆ ಹೊರಟೆವು. ನನ್ನ ಸೀಟಿನ ಬೆಲ್ಟು ಸಿಕ್ಕಿಕೊಂಡಾಗ, "ಎಂತ ಮಾರಾಯ, ಎಂ.ಕಾಂ.ನಲ್ಲಿ ಇದನ್ನು ಕಲಿಸುದಿಲ್ವಾ?" ಎಂದು ನಕ್ಕು ಅವರೇ ಹಾಕಿಕೊಟ್ಟರು.

ಮಂಗಳೂರಿನಲ್ಲಿ ಇಳಿಯಲು ವಿಮಾನ ಮೋಡದೊಳಗೆ ತಗ್ಗಿತು. ಗುಡ್ಡದ ಅಂಚು, ಕೆಂಪು ಮಣ್ಣು, ಒಂದು ಮನೆಯ ಹಂಚು ಕೂಡ ಕಂಡಿತು. ಮರುಕ್ಷಣ ಎಂಜಿನ್ ಅಬ್ಬರಿಸಿ ನಾವು ಮತ್ತೆ ಮೇಲಕ್ಕೆ. ಈಗಲೂ ಕಣ್ಣು ಮುಚ್ಚಿದರೆ ಆ ಹಂಚು ಹತ್ತಿರ ಬರುತ್ತದೆ... ಕಾಕ ಎದೆ ಹಿಡಿದುಕೊಂಡಿದ್ದರು. ವಿಮಾನವನ್ನು ತಿರುಗಿಸಿ ಕಣ್ಣೂರಿನಲ್ಲಿ ಇಳಿಸುವ ಹೊತ್ತಿಗೆ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಗಗನಸಖಿಯನ್ನು ಕರೆದೆ. ಇಲ್ಲೇ ಇಳಿಸಿ ಆಸ್ಪತ್ರೆಗೆ ಕಳಿಸಬಹುದು ಎಂದಳು. ಆದರೆ ಪ್ರಯಾಣಿಕ ಇಳಿದರೆ ಅವನ ಪೆಟ್ಟಿಗೆಯನ್ನೂ ಹುಡುಕಿ ಇಳಿಸಬೇಕು, ಅದು ನಿಯಮ, ತಡವಾಗುತ್ತದೆ ಎಂದೂ ಸೇರಿಸಿದಳು. ತಡ ಎಂದದ್ದೇ ಸುತ್ತಲಿನವರು ಎದ್ದು ನಿಂತರು. ಎಲ್ಲ ನಮ್ಮ ಕಡೆಯ ಜನವೇ.

"ಮಂಗಳೂರಿಗೆ ಎಷ್ಟು ದೂರ ಉಂಟು ಮಾರಾಯ್ರೆ? ಹಾರಿದ್ರೆ ಅರ್ಧ ಗಂಟೆ ಇಲ್ಲ!" ಎಂದ ಸುಳ್ಯದವನೊಬ್ಬ. "ದೊಡ್ಡ ಆಸ್ಪತ್ರೆಗಳೆಲ್ಲ ಅಲ್ಲಿಯೇ ಉಂಟಲ್ಲ."

"ಗ್ಯಾಸ್ ಆಗಿರ್ಬೇಕು. ಒಂದು ಸೋಡ ಕೊಡಿ ಅವರಿಗೆ," ಎಂದ ಹಿಂದಿನ ಸೀಟಿನವನು. ಯಾರೋ ನಕ್ಕರು.

ಗಲ್ಫಿಗೆ ಹೋಗಿಬರುವ ನಮ್ಮವರಿಗೆ ಯಾವ ನಿಲ್ದಾಣದಿಂದ ಯಾವುದು ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂಬುದೆಲ್ಲ ಬಾಯಿಪಾಠ. ಮಂಗಳೂರಿನ ಮೇಲಿನ ಮೋಡ ಸರಿಯದೆ ವಿಮಾನ ಏಳುವುದೇ ಇಲ್ಲ ಎಂಬುದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ನಾನು ಕೂಗಾಡಿದೆ. ಕಾಕ ನನ್ನ ತೋಳು ಹಿಡಿದು, "ಬೇಡ ಮಾರಾಯ, ಎಲ್ಲರಿಗೂ ಉಪದ್ರ. ಒಟ್ಟಿಗೇ ಹೋಗುವ," ಎಂದರು.

"ನೋಡಿ, ಅವರೇ ಬೇಡ ಹೇಳ್ತಾರೆ!" ಎಂದ ಸುಳ್ಯದವನು. ಗೆದ್ದವನ ಹಾಗೆ ಕೂತು ಮನೆಗೆ ಫೋನು ಮಾಡಿ, ಕೋಳಿಸಾರು ಬಿಸಿ ಇಡಲು ಹೇಳಿದ. ಆ ದನಿ ನೆನೆದರೆ ಈಗಲೂ ಉಗುಳಬೇಕೆನಿಸುತ್ತದೆ.

ನೋವು ಸ್ವಲ್ಪ ಇಳಿದಂತೆ ಕಂಡಿತು, ಗಗನಸಖಿಯೂ ಒತ್ತಾಯಿಸಲಿಲ್ಲ. ಈಗ ಹೊರಡುತ್ತದೆ, ಈಗ ಹೊರಡುತ್ತದೆ ಎನ್ನುತ್ತಲೇ ಮಧ್ಯಾಹ್ನ ಕಳೆಯಿತು. ಕೊನೆಗೂ ಎದ್ದ ವಿಮಾನ ಹಾರಿದ್ದು ಅವರು ಹೇಳಿದಷ್ಟೇ ಹೊತ್ತು. ಕಾಸರಗೋಡಿನ ಮೇಲೆಲ್ಲೋ ನನ್ನ ಕೈಯೊಳಗಿನ ಕೈ ಸಡಿಲಾಯಿತು...

ಮತ್ತೆ ನಾನು ವಿಮಾನ ಹತ್ತಿಲ್ಲ. ಊರಲ್ಲೇ ಇದ್ದೇನೆ. ಶುಕ್ರವಾರ ಕಾಕನ ಹೆಂಡತಿ ಬೇಲಿಯ ಹತ್ತಿರ ಬಂದು ಮತ್ತೆ ಅದನ್ನೇ ಕೇಳಿದರು: "ಕಡೆಗೆ ಅವರು ಒಬ್ಬರೇ ಇರ್ಲಿಲ್ಲ ಅಲ್ವಾ ಮಗಾ?"

"ಇಲ್ಲ, ನಾನು ಕೈ ಹಿಡ್ಕೊಂಡಿದ್ದೆ," ಎಂದೆ.

ಅದು ನಿಜ. ಚಕ್ರ ನೆಲಕ್ಕೆ ತಾಗಿದ ಕೂಡಲೇ ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದ್ದನ್ನು ಮಾತ್ರ ಅವರಿಗೆ ಹೇಳಿಲ್ಲ.