ರೇಡಿಯೋ ಕೋಣೆಯಿಂದ ಉತ್ತರ ಬರಲಿಲ್ಲ

ದೆವ್ವ, ಅಶರೀರವಾಣಿ, ಸತ್ತವರ ಕರೆ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಬಂದಿದೆ ಎಂದೂ ಹೇಳಲಾರೆ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು ನಾನು. ಆಗಾಗ ಯಾವುದಾದರೂ ತಾಲ್ಲೂಕಿನ ಬಾತ್ಮೀದಾರ ಹಳೇ ಪ್ರವಾಸಿ ಮಂದಿರದಲ್ಲಿ ಹೆಜ್ಜೆ ಸಪ್ಪಳ, ಮುಚ್ಚಿದ ಗಿರಣಿಯಲ್ಲಿ ಅಳುವ ದನಿ ಎಂದು ಸುದ್ದಿ ಕಳಿಸುತ್ತಿದ್ದ. ನಾನು ಫೋನು ಮಾಡಿ, ಕೇಳಿದವರು ಯಾರು, ನೀವೇ ಕೇಳಿದಿರಾ, ಆಗ ಜೊತೆಗೆ ಯಾರಿದ್ದರು ಎಂದು ವಿಚಾರಿಸುತ್ತಿದ್ದೆ. ಎರಡನೆಯ ಪ್ರಶ್ನೆಗೇ ಸುದ್ದಿ ಬಿದ್ದುಹೋಗುತ್ತಿತ್ತು. ಇಂದು ಓದುಗರು ಅದೇ ಪ್ರಶ್ನೆಗಳನ್ನು ನನಗೆ ಕೇಳಿದರೆ ನನ್ನ ಉತ್ತರ ಇಷ್ಟು: ಕೇಳಿದವನು ನಾನೇ. ಜೊತೆಗೆ ಒಬ್ಬರು ಇದ್ದರು. ಆದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಇದು ನಡೆದದ್ದು 2010ರ ದಶಕದ ನಡುವಿನಲ್ಲಿ, ಸಿಯಾಟಲ್ ಬಳಿ. ಹೆಂಡತಿ ಶೈಲಾಗೆ ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯಲ್ಲಿ ಕೆಲಸ, ನಮ್ಮ ಮನೆ ಇಸ್ಸಾಕ್ವಾದ ಗುಡ್ಡದ ಮೇಲೆ. ಅವಳ ವೀಸಾದ ಬಾಲಂಗೋಚಿಯಾಗಿ ಬಂದ ನನಗೆ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ್ದರಿಂದ ಟಕ್ವಿಲಾದ ಗೋದಾಮುಗಳ ಸಾಲಿನಲ್ಲಿದ್ದ ಒಂದು ದೊಡ್ಡ ಶೆಡ್ಡಿಗೆ ಹೋಗತೊಡಗಿದೆ. ಅಲ್ಲಿ ಕೆಲವು ನಿವೃತ್ತರು ಸೇರಿ ಎರಡನೇ ಮಹಾಯುದ್ಧದ ಕಾಲದ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನವೊಂದನ್ನು ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟುತ್ತಿದ್ದರು. ನನ್ನ ಪಾಲಿನ ಕೆಲಸ ಹಳಬರ ನೆನಪುಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು.

ಆ ವಿಮಾನಗಳಲ್ಲಿ ಹಾರಿದ್ದವರು ಆಗಲೇ ತೊಂಬತ್ತರ ಆಸುಪಾಸಿನಲ್ಲಿದ್ದರು. ಯುದ್ಧದ ಸುದ್ದಿಯಲ್ಲಿ ನಾವು ಎಷ್ಟು ವಿಮಾನ ನಷ್ಟ ಎಂದು ಶೀರ್ಷಿಕೆ ಕೊಡುತ್ತೇವೆ. ಅವರು ವಿಮಾನಗಳ ಮಾತೇ ಆಡುತ್ತಿರಲಿಲ್ಲ. ಬೆಳಿಗ್ಗೆ ಪಕ್ಕದ ಮಂಚದಲ್ಲಿ ಬೂಟಿನ ಲಾಡಿ ಕಟ್ಟುತ್ತಿದ್ದವನ ಹಾಸಿಗೆ ಸಂಜೆ ಹೊತ್ತಿಗೆ ಸುತ್ತಿಟ್ಟಿರುತ್ತಿತ್ತು, ಮರುದಿನ ಅಲ್ಲಿ ಹೊಸಬನೊಬ್ಬ ಲಾಡಿ ಕಟ್ಟುತ್ತಿದ್ದ ಎನ್ನುತ್ತಿದ್ದರು. ಹೊಸಬನ ಹೆಸರು ಕೇಳಿಕೊಳ್ಳುವುದನ್ನೇ ಬಿಟ್ಟುಬಿಟ್ಟಿದ್ದೆ ಎಂದು ಒಬ್ಬರು ಹೇಳಿದ್ದು ಬಹಳ ದಿನ ತಲೆಯಲ್ಲಿತ್ತು.

ಅವರಲ್ಲಿ ಬಹುತೇಕ ಎಲ್ಲರೂ ಹೇಳುತ್ತಿದ್ದ ಒಂದು ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ಅಷ್ಟು ಎತ್ತರದಲ್ಲಿ ಉಸಿರಾಡಲು ಗಾಳಿ ಸಾಲುವುದಿಲ್ಲ. ಹತ್ತು ಮಂದಿಯೂ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿಕೊಂಡು ತಮ್ಮ ತಮ್ಮ ಜಾಗದಲ್ಲಿ ಒಂಟಿಯಾಗಿ ಕೂತಿರುತ್ತಾರೆ. ಅದರ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿದರೆ ನೋವಿಲ್ಲ, ಉಸಿರು ಕಟ್ಟಿದ್ದೂ ಗೊತ್ತಾಗುವುದಿಲ್ಲ. ನಿದ್ದೆ ಬಂದ ಹಾಗಾಗಿ ಪ್ರಾಣ ಹೋಗುತ್ತದೆ. ಆದ್ದರಿಂದ ಸಹ ಪೈಲಟ್ ಸ್ವಲ್ಪ ಸ್ವಲ್ಪ ಹೊತ್ತಿಗೆ ವಿಮಾನದೊಳಗಿನ ಫೋನಿನಲ್ಲಿ ಬಾಲದಿಂದ ಮೂತಿಯವರೆಗೆ ಒಬ್ಬೊಬ್ಬರನ್ನೇ ಕೂಗುತ್ತಿದ್ದ. ಹೆಸರಲ್ಲ, ಅವರು ಕೂತ ಜಾಗ. ಬಾಲ? ಓಕೆ. ಪಕ್ಕದ ಕಿಟಕಿಗಳು? ಓಕೆ. ಉತ್ತರ ಬಂತೆಂದರೆ ಜೀವ ಇದೆ ಎಂದರ್ಥ.

ರೂತ್ ಎಂಬ ವೃದ್ಧೆ ಶೆಡ್ಡಿಗೆ ಬಂದದ್ದು ಒಂದು ಡಿಸೆಂಬರಿನಲ್ಲಿ. ಇಸ್ಸಾಕ್ವಾದವರೇ, ಊರಿಗೆ ಹೆದ್ದಾರಿ ಬರುವ ಮೊದಲಿನಿಂದ ಅಲ್ಲಿದ್ದವರು. ಅವರ ಅಣ್ಣ ವಾಲ್ಟರ್ ಇದೇ ಬಗೆಯ ಬಾಂಬರಿನಲ್ಲಿ ರೇಡಿಯೋ ಆಪರೇಟರ್. ಇಂಗ್ಲೆಂಡಿನಿಂದ ಹಾರಿ ಜರ್ಮನಿಯ ಮೇಲೆ ಬಾಂಬು ಹಾಕಿ ಮರಳುವಾಗ ಸಮುದ್ರದ ಮೇಲೆ ಅವನ ವಿಮಾನ ಗುಂಪಿನಿಂದ ಹಿಂದೆ ಬಿದ್ದು ಮೋಡದೊಳಗೆ ಇಳಿಯಿತು. ಆಮೇಲೆ ಯಾರೂ ಅದನ್ನು ಕಾಣಲಿಲ್ಲ. ಹತ್ತು ಜನರಲ್ಲಿ ಒಬ್ಬರೂ ಮರಳಲಿಲ್ಲ. ಸೇನೆ ಒಂದು ವರ್ಷ ಕಾದು ಎಲ್ಲರೂ ಸತ್ತರೆಂದು ಬರೆದುಕೊಂಡಿತು. ಆದರೆ ಇನ್ನೊಂದು ವಿಮಾನದ ಗನ್ನರ್ ಒಬ್ಬ, ಮೋಡದ ಅಂಚಿನಲ್ಲಿ ಎರಡು ಪ್ಯಾರಾಚೂಟ್ ತೆರೆದದ್ದು ಕಂಡೆ ಎಂದು ಹೇಳಿದ್ದ. ಆ ಎರಡರಲ್ಲಿ ಒಂದು ನನ್ನ ಮಗನದು ಎಂದು ತಾಯಿ ಕೊನೆಯವರೆಗೆ ನಂಬಿದರು. ಮನೆಯವರ ಸಮಾಧಿ ಕಲ್ಲಿನಲ್ಲಿ ಅವನ ಹೆಸರಿಗೆ ಜಾಗ ಬಿಡಿಸಿದರು, ಹೆಸರು ಮಾತ್ರ ಕೆತ್ತಿಸಲಿಲ್ಲ.

"ಈಗ ನನ್ನ ಸರದಿ," ಎಂದರು ರೂತ್. "ನನ್ನ ಹೆಸರನ್ನು ನಾನೇ ಮುಂಚಿತವಾಗಿ ಕೆತ್ತಿಸುತ್ತಿದ್ದೇನೆ. ನಾನು ಹೋದ ಮೇಲೆ ಆ ಕಲ್ಲನ್ನು ಕೇಳುವವರಿಲ್ಲ. ಕೆತ್ತುವವನು ಸೋಮವಾರ ಬರುತ್ತಾನೆ. ವಾಲ್ಟರನ ಹೆಸರು ಹಾಕಲೋ ಬೇಡವೋ ಎಂದು ಕೇಳುತ್ತಿದ್ದಾನೆ. ಹಾಕಿಸಿದರೆ ಅಮ್ಮ ಸಾಯಲು ಬಿಡದವನನ್ನು ನಾನು ಸಾಯಿಸಿದ ಹಾಗೆ. ಹಾಕಿಸದಿದ್ದರೆ ಅವನು ಎಲ್ಲಿಯೂ ಇಲ್ಲ."

ಅಣ್ಣ ಕೂರುತ್ತಿದ್ದ ಜಾಗದಲ್ಲಿ ಒಮ್ಮೆ ಕೂತು ಯೋಚಿಸುತ್ತೇನೆ, ಬಿಡುತ್ತೀರಾ ಎಂಬುದು ಅವರ ಕೋರಿಕೆ. ಶುಕ್ರವಾರ ಬರಲು ಹೇಳಿದೆವು.

ಗುರುವಾರ ಊಟದ ಹೊತ್ತಿಗೆ ಶೈಲಾಗೆ ಇದನ್ನು ಹೇಳಿದೆ. ಅವಳು ಗದಗಿನವಳು. "ನಮ್ಮ ಕಡೆ ಹಿಂಗ ಕಾಣೆ ಆದವ್ರಿಗೆ ಹನ್ನೆರಡು ವರ್ಷ ಕಾದು, ದರ್ಭಿ ಗೊಂಬಿ ಮಾಡಿ ಸುಟ್ಟು ಕರ್ಮಾ ಮುಗಸ್ತಾರ. ಆ ಅಜ್ಜಿ ಎಪ್ಪತ್ತು ವರ್ಷ ಕಾದಾಳ. ಇನ್ನೇನು ಕಾಯೋದು ಉಳದದ?" ಎಂದಳು.

"ನೋಡಿದ ಸಾಕ್ಷಿ ಒಬ್ಬ ಇದ್ದಾನಲ್ಲ, ಪ್ಯಾರಾಚೂಟಿಂದು," ಎಂದೆ.

"ನಿಮ್ಮ ಸಾಕ್ಷಿ ಸುಡ್ಲಿ. ಹೆಣ್ಣಮಗಳ ಜೀವ ಹೆಂಗಾಗಿರಬೇಕು ಅದನ್ನ ನೋಡ್ರಿ."

ಶುಕ್ರವಾರ ಮಧ್ಯಾಹ್ನದಿಂದಲೇ ಮಳೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಶೆಡ್ಡಿನಲ್ಲಿ ನಾನು, ರೂತ್ ಮತ್ತು ಗ್ಯಾರಿ ಮೂವರೇ ಇದ್ದೆವು. ಗ್ಯಾರಿ ನಿವೃತ್ತ ಎಂಜಿನಿಯರ್, ಆ ವಿಮಾನದ ಒಂದೊಂದು ಮೊಳೆಯೂ ಅವನ ಕೈಯಿಂದ ಹಾದುಹೋಗಿತ್ತು. ಹಿಂಬದಿಯ ಬಾಗಿಲಿಗೆ ಮೆಟ್ಟಿಲಿಟ್ಟು ನಾವಿಬ್ಬರೂ ಅವರ ತೋಳು ಹಿಡಿದು ಹತ್ತಿಸಿದೆವು. "ನಿಧಾನ, ತಲೆ ಜೋಪಾನ. ಇದನ್ನು ಕಟ್ಟಿದ್ದು ಹತ್ತೊಂಬತ್ತರ ಹುಡುಗರಿಗೆ," ಎಂದ ಗ್ಯಾರಿ.

"ನನಗೂ ಹತ್ತೊಂಬತ್ತೇ. ಮಂಡಿಗೆ ಮಾತ್ರ ತೊಂಬತ್ತು," ಎಂದರು ರೂತ್.

ರೇಡಿಯೋ ಕೋಣೆ ವಿಮಾನದ ನಡುಭಾಗದಲ್ಲಿದೆ. ಒಂದು ಮೇಜು, ಒಂದು ಕುರ್ಚಿ, ಅಂಗೈಯಗಲದ ಕಿಟಕಿ. ಗೋಡೆಗೆ ಕಪ್ಪು ಪೆಟ್ಟಿಗೆಗಳು. ಚರ್ಮದ ಟೊಪ್ಪಿಗೆಯೊಳಗೆ ಕೂರಿಸಿದ ಹೆಡ್‌ಫೋನಿನ ವೈರು ಒಂದು ಪೆಟ್ಟಿಗೆಗೆ ಹೋಗಿತ್ತು. ಎಲ್ಲ ನೋಡಲಿಕ್ಕೆ ಮಾತ್ರ. ಗ್ಯಾರಿ ಆ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿ, "ಒಳಗೆ ಜೇಡ ಬಿಟ್ಟರೆ ಯಾರೂ ಇಲ್ಲ," ಎಂದು ನಕ್ಕು ಇಳಿದುಹೋದ. ಶೆಡ್ಡಿನ ಆ ತುದಿಯಲ್ಲಿ ಅವನು ಏನನ್ನೋ ಉಜ್ಜುವ ಸದ್ದು ಕೇಳುತ್ತಿತ್ತು. ನಾನು ರೆಕಾರ್ಡರ್ ಚಾಲೂ ಮಾಡಿ ಮೇಜಿನ ಮೇಲಿಟ್ಟೆ.

ರೂತ್ ಕಿವಿಯ ಮಷಿನ್ನುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು ಟೊಪ್ಪಿಗೆ ಹಾಕಿಕೊಂಡರು. ಮಷಿನ್ನಿಲ್ಲದೆ ಅವರಿಗೆ ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಹೇಳಬೇಕಿತ್ತು. ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಆಮೇಲೆ ಅವರು ತಲೆ ಎತ್ತಿ, "ಇದರಲ್ಲಿ ಯಾರೋ ಮಾತಾಡುತ್ತಿದ್ದಾರೆ," ಎಂದರು.

ಮಳೆಯ ಸದ್ದು ಇರಬೇಕು ಎಂದೆ. ಅವರಿಗೆ ಕೇಳಲಿಲ್ಲ. ಟೊಪ್ಪಿಗೆ ಬಿಚ್ಚಿ ನನ್ನ ಕೈಗಿಟ್ಟರು. "ಗುಂಯ್ ಅನ್ನುವುದು ಮಾತ್ರ ಕಿವಿಗೆ ತಾಗುತ್ತಿದೆ, ಪದ ತಿಳಿಯುತ್ತಿಲ್ಲ. ನೀನು ಕೇಳಿ ಹೇಳು. ಏನು ಕೇಳುತ್ತದೋ ಅಷ್ಟೇ ಹೇಳು."

ಅವರ ಸಮಾಧಾನಕ್ಕೆಂದು ಹಾಕಿಕೊಂಡೆ. ಮೊದಲು ಶಂಖವನ್ನು ಕಿವಿಗಿಟ್ಟಾಗ ಕೇಳುವಂಥ ಮೊರೆತ, ಅಷ್ಟೇ. ಅದು ನನ್ನದೇ ರಕ್ತದ ಸದ್ದು ಎಂದುಕೊಂಡೆ. ತೆಗೆಯಬೇಕೆಂದು ಕೈ ಎತ್ತಿದಾಗ ಒಂದು ಗಂಡು ದನಿ ದಣಿದ, ಬೇಸರದ ಧಾಟಿಯಲ್ಲಿ, "ಬಾಲ?" ಎಂದಿತು. ಬೇರೊಂದು ದನಿ, ಇನ್ನೂ ಎಳೆಯದು, "ಬಾಲ ಓಕೆ," ಎಂದಿತು.

ನಾನು ಮೊದಲು ಮಾಡಿದ ಕೆಲಸ ಪೆಟ್ಟಿಗೆಯ ವೈರನ್ನು ಎಳೆದದ್ದು. ಅದು ಕಿತ್ತು ಕೈಗೆ ಬಂತು. ದನಿ ನಿಲ್ಲಲಿಲ್ಲ. ಪಕ್ಕದ ಕಿಟಕಿಗಳ ಗನ್ನರ್‌ಗಳನ್ನು ಕರೆಯಿತು, ಇಬ್ಬರು ಉತ್ತರ ಕೊಟ್ಟರು. ಒಬ್ಬ ಕೆಮ್ಮುತ್ತಿದ್ದ. ವಿಮಾನದ ಹೊಟ್ಟೆಯಡಿ ತೂಗುವ ಗೋಳದೊಳಗೆ ಮುದುರಿ ಕೂರುವ ಗನ್ನರನ್ನು ಕರೆಯಿತು, ಅವನೂ ಓಕೆ ಎಂದ. ರೂತ್ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಗ್ಗಿ ಅವರ ಕಿವಿಯಲ್ಲಿ ಒಂದೊಂದನ್ನೇ ಹೇಳುತ್ತ ಬಂದೆ. ಈ ಸಾಲಿನಲ್ಲಿ ಮುಂದಿನದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

"ರೇಡಿಯೋ?" ಎಂದಿತು ದನಿ.

ಮೊರೆತ ಮಾತ್ರ. ಮತ್ತೆ, "ರೇಡಿಯೋ?" ಎಂದಿತು. ಈ ಸಲ ಬೇಸರ ಇರಲಿಲ್ಲ. ಆಮೇಲೆ, "ಪಾದ್ರಿ, ಮಾತಾಡೋ," ಎಂದಿತು.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಏನೂ ಕೇಳಿಸುತ್ತಿಲ್ಲ ಎಂದೋ, ಅವನೂ ಓಕೆ ಎಂದ ಎಂದೋ ಹೇಳಿದ್ದರೆ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಆದರೆ ಸೋಮವಾರ ಆ ಕಲ್ಲಿನ ಮುಂದೆ ನಿಲ್ಲಬೇಕಾದವರು ಅವರು. ಕೇಳುವುದನ್ನಷ್ಟೇ ಹೇಳು ಎಂದಿದ್ದರು. "ರೇಡಿಯೋ ಕರೆಯುತ್ತಿದ್ದಾರೆ. ಉತ್ತರ ಬರುತ್ತಿಲ್ಲ," ಎಂದೆ.

"ಮತ್ತೆ ಕರೆಯುತ್ತಿದ್ದಾರೆಯೇ?"

"ಹೌದು. ಕಾಯುತ್ತಿದ್ದಾರೆ."

ಮೇಜಿನ ಮೇಲೆ ಕೈಯಲ್ಲಿ ಹಿಡಿಯುವ ಮೈಕು ಇತ್ತು. ರೂತ್ ಅದನ್ನು ಎತ್ತಿ ಬಾಯಿಯ ಹತ್ತಿರ ತಂದರು, ಹೆಬ್ಬೆರಳು ಗುಂಡಿಯ ಮೇಲಿತ್ತು. ರೇಡಿಯೋ ಓಕೆ ಎಂದು ಹೇಳಲು ಹೊರಟಿದ್ದಾರೆಂದು ನನಗೆ ಗೊತ್ತಿತ್ತು. ತಡೆಯಬೇಕೆಂದು ಅನ್ನಿಸಿತು, ಯಾಕೆಂದು ಗೊತ್ತಿಲ್ಲ, ತಡೆಯಲಿಲ್ಲ. ಅವರ ತುಟಿ ಅಲುಗಿತು. ನನ್ನ ಕಿವಿಯಲ್ಲಿ ಆ ಮೊರೆತವೂ ನಿಂತಂತಿತ್ತು. ಆಮೇಲೆ ಅವರು ಮೈಕನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

"ಅವರು ಮುಂದೆ ಹೋಗಲಿ," ಎಂದರು.

"ಮೇಲಿನ ಗನ್?" ಎಂದಿತು ದನಿ. "ಓಕೆ." ನ್ಯಾವಿಗೇಟರ್ ಓಕೆ. ಬಾಂಬ್ ಹಾಕುವವನು ಓಕೆ. ಅಲ್ಲಿಗೆ ಮುಗಿಯಿತು. ಮತ್ತೆ ಎಷ್ಟು ಕಾದರೂ ಮೊರೆತ ಬಿಟ್ಟು ಬೇರೇನೂ ಬರಲಿಲ್ಲ. ಉಳಿದವರೆಲ್ಲ ಉತ್ತರ ಕೊಟ್ಟರು ಎಂದು ರೂತ್‌ಗೆ ಹೇಳಿದೆ. ಅವರು ತಲೆಯಾಡಿಸಿದರು. "ಹಾಗಾದರೆ ವಿಮಾನ ಇನ್ನೂ ಹಾರುತ್ತಿತ್ತು. ಅವನು ಬಿದ್ದಿಲ್ಲ, ಉರಿದಿಲ್ಲ. ಪ್ಯಾರಾಚೂಟಿನಲ್ಲೂ ಇಲ್ಲ. ಕೂತಲ್ಲೇ ನಿದ್ದೆ ಹೋದ."

ಅವನನ್ನು ಪಾದ್ರಿ ಎಂದು ಕರೆದರು, ಆ ಹೆಸರು ನಿಮಗೆ ಗೊತ್ತೇ ಎಂದು ಕೇಳಿದೆ. ಗೊತ್ತಿದ್ದರೆ ಅದೊಂದು ಆಧಾರ. ರೂತ್ ನನ್ನನ್ನು ವಿಚಿತ್ರವಾಗಿ ನೋಡಿದರು. "ಪಾದ್ರಿ? ವಾಲ್ಟರ್? ಅವನು ಚರ್ಚಿನಲ್ಲಿ ಗೊರಕೆ ಹೊಡೆದು ಅಪ್ಪನ ಕೈಲಿ ಏಟು ತಿಂದವನು. ಮನೆಯಲ್ಲಿ ಯಾರೂ ಅವನನ್ನು ಹಾಗೆ ಕರೆದಿಲ್ಲ."

ಕೆಳಗಿಳಿದ ಮೇಲೆ ನಡೆದದ್ದನ್ನು ಗ್ಯಾರಿಗೆ ಹೇಳಿದೆ. ಅವನು ನಗಲಿಲ್ಲ. ಕಿತ್ತ ವೈರನ್ನು ನೋಡಿ, ನಾಳೆ ಬೆಸುಗೆ ಹಾಕುತ್ತೇನೆ ಎಂದ. ಪಾದ್ರಿಯ ವಿಷಯಕ್ಕೆ, "ಸೈನ್ಯದಲ್ಲಿ ದಪ್ಪಗಿರುವವನನ್ನು ಕಡ್ಡಿ ಅಂತಾರೆ. ಇದರಿಂದ ಹೌದು ಅಂತಲೂ ಆಗಲ್ಲ, ಅಲ್ಲ ಅಂತಲೂ ಆಗಲ್ಲ," ಎಂದ. ಅದು ನ್ಯಾಯವಾದ ಮಾತು.

ರೆಕಾರ್ಡರನ್ನು ಮನೆಯಲ್ಲಿ ಕೇಳಿದೆ. ಮಳೆ ಇದೆ, ಗ್ಯಾರಿ ಉಜ್ಜುವುದಿದೆ, ರೂತ್ ಮಾತು ಇದೆ. ನನ್ನ ದನಿ ಒಂದೊಂದೇ ಜಾಗದ ಹೆಸರು ಹೇಳುತ್ತದೆ, ನಡುವೆ ಮೌನ. ಬೇರೆ ಯಾರ ದನಿಯೂ ಇಲ್ಲ. ಶೈಲಾ ಪೂರ್ತಿ ಕೇಳಿ, "ನಿಮ್ಮ ದನಿ ಹಿಂಗ ನಡುಗಿದ್ದು ನಾ ಎಂದೂ ಕೇಳಿಲ್ಲ," ಎಂದಳು.

ನನ್ನ ವಿರುದ್ಧ ಹೇಳಬಹುದಾದ್ದನ್ನು ನಾನೇ ಹೇಳಿಬಿಡುತ್ತೇನೆ. ಆ ಕರೆಯ ಸಾಲು ನನಗೆ ಬಾಯಿಪಾಠವಾಗಿತ್ತು. ರೂತ್ ಕಥೆ ವಾರವಿಡೀ ತಲೆಯಲ್ಲಿತ್ತು. ಕತ್ತಲು, ಮಳೆ, ಇಕ್ಕಟ್ಟಾದ ಕೋಣೆ. ಮನಸ್ಸು ಇಷ್ಟನ್ನು ಕಟ್ಟಿಕೊಳ್ಳುವುದು ಕಷ್ಟವಲ್ಲ. ಹಾಗಾದರೆ ಕಿವುಡಿಯಾದ ರೂತ್‌ಗೆ ಮೊದಲು ಕೇಳಿಸಿದ್ದೇನು, ನನ್ನ ಮನಸ್ಸು ಕಟ್ಟಿದ್ದಾದರೆ ಗೊತ್ತಿಲ್ಲದ ಪಾದ್ರಿ ಎಲ್ಲಿಂದ ಬಂದ? ಆಮೇಲೆ ಎಷ್ಟೋ ಸಲ ಆ ಟೊಪ್ಪಿಗೆ ಹಾಕಿಕೊಂಡು ಕೂತಿದ್ದೇನೆ. ಮೊರೆತ ಬಿಟ್ಟರೆ ಏನೂ ಕೇಳಿಲ್ಲ.

ಸೋಮವಾರ ರೂತ್ ಅಣ್ಣನ ಹೆಸರು ಕೆತ್ತಿಸಿದರು. ಅದರ ಕೆಳಗೆ ರೇಡಿಯೋ ಆಪರೇಟರ್ ಎಂದಷ್ಟೇ ಇದೆ. ಮುಂದಿನ ಬೇಸಿಗೆಯಲ್ಲಿ ಅವರೂ ಹೋದರು. ಮಣ್ಣಿಗೆ ನಾವೂ ಹೋಗಿದ್ದೆವು. ಎಲ್ಲರೂ ಕಾರಿನ ಕಡೆ ನಡೆದ ಮೇಲೆ ನಾನು ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಎರಡು ಪ್ಯಾರಾಚೂಟ್ ಕಂಡೆ ಎಂದ ಗನ್ನರನ ಮಾತಿಗೆ ಒಂದು ಕುಟುಂಬ ಎಪ್ಪತ್ತು ವರ್ಷ ಜೋತುಬಿದ್ದಿತ್ತು. ಅದನ್ನು ಅಳಿಸಿದ್ದು ನನ್ನ ಮಾತು. ಆ ಹೆಸರು ಅಲ್ಲಿರುವುದಕ್ಕೆ ನನ್ನ ಕಿವಿ ಬಿಟ್ಟರೆ ಬೇರೆ ಆಧಾರವಿಲ್ಲ. ಡೆಸ್ಕಿನಲ್ಲಿದ್ದಾಗ ಇಂಥ ಒಂಟಿ ಸಾಕ್ಷಿಯ ಸುದ್ದಿಯನ್ನು ನಾನು ಒಂದು ದಿನವೂ ಅಚ್ಚಿಗೆ ಬಿಟ್ಟವನಲ್ಲ.